ಸಂಬಳದ ಲೆಕ್ಕ ನಡೆಯುವಾಗ ಟೈಮ್‌ಶೀಟ್‌ಗೆ ಬೀಗ ಹಾಕುವುದು ಹೇಗೆ?

ಪ್ರಶ್ನೆ: ನಾನು ಸುಮಾರು 180 ಜನ ಕೆಲಸ ಮಾಡುವ ಸಂಸ್ಥೆಯ ವೇತನ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆಯ ದಿನ ಟೈಮ್‌ಶೀಟ್‌ಗಳ ಅನುಮೋದನೆ ಮುಗಿಯುತ್ತದೆ, ಮರುದಿನ ಬೆಳಿಗ್ಗೆ ಸಂಬಳದ ಲೆಕ್ಕ ಶುರುವಾಗುತ್ತದೆ. ಕಳೆದ ತಿಂಗಳು ನೌಕರರೊಬ್ಬರ ಸಂಬಳದ ಚೀಟಿಯಲ್ಲಿ 176 ಗಂಟೆ ಎಂದಿದ್ದರೆ, ಅವರ ಟೈಮ್‌ಶೀಟಿನಲ್ಲಿ 184 ಗಂಟೆ ಎಂದಿತ್ತು. ನಾವು ಲೆಕ್ಕ ಮಾಡುತ್ತಿದ್ದ ಹೊತ್ತಿನಲ್ಲೇ ಅವರ ಮೇಲ್ವಿಚಾರಕರು ಸಂಬಳರಹಿತ ರಜೆಯ ಒಂದು ದಿನವನ್ನು ಕೆಲಸದ ದಿನವೆಂದು ತಿದ್ದಿದ್ದರು. ಲೆಕ್ಕ ಮುಗಿಯುವವರೆಗೆ ಯಾರೂ ಟೈಮ್‌ಶೀಟ್ ಮುಟ್ಟಬಾರದೆಂದು ಪ್ರತಿ ತಿಂಗಳೂ ಇಮೇಲ್ ಕಳುಹಿಸುತ್ತೇವೆ. ತಂತ್ರಾಂಶದಲ್ಲಿ ತಿದ್ದುವ ಗುಂಡಿಯನ್ನೂ ಮರೆಮಾಡಿಸಿದ್ದೇವೆ. ಆದರೂ ಇದು ನಿಂತಿಲ್ಲ. ಏನು ಮಾಡಬೇಕು?

ಉತ್ತರ: ನಿಮಗೆ ಕಂಡದ್ದು 8 ಗಂಟೆಗಳ ವ್ಯತ್ಯಾಸ. ಕಣ್ಣಿಗೆ ಕಂಡಿತಲ್ಲ ಎಂಬುದೇ ಸಮಾಧಾನದ ವಿಷಯ, ಏಕೆಂದರೆ ಕಾಣದೆ ಉಳಿಯುವ ತಪ್ಪು ಇದಕ್ಕಿಂತ ಕೆಟ್ಟದ್ದು. ಸಂಬಳದ ಲೆಕ್ಕ ಒಂದೇ ಕ್ಷಣದಲ್ಲಿ ಮುಗಿಯುವ ಕೆಲಸವಲ್ಲ: ಗಂಟೆಗಳನ್ನು ಒಟ್ಟುಗೂಡಿಸಬೇಕು, ದರ ಹಾಕಬೇಕು, ಓವರ್‌ಟೈಮ್ ಬೇರ್ಪಡಿಸಬೇಕು, ತೆರಿಗೆ ಮತ್ತು ಇತರ ಕಡಿತಗಳನ್ನು ಕಳೆಯಬೇಕು, ಕರಡು ಪಟ್ಟಿ ತೆಗೆದು ಪರಿಶೀಲಿಸಬೇಕು, ಆಮೇಲೆ ಬ್ಯಾಂಕಿಗೆ ಕಡತ ಕಳುಹಿಸಬೇಕು. ಈ ಪ್ರತಿಯೊಂದು ಹಂತವೂ ಮೂಲ ಟೈಮ್‌ಶೀಟನ್ನೇ ಮತ್ತೆ ಮತ್ತೆ ಓದುತ್ತಿದ್ದರೆ, ಮೂಲ ವೇತನವನ್ನು 176 ಗಂಟೆಗೂ ಓವರ್‌ಟೈಮನ್ನು 184 ಗಂಟೆಯ ಆಧಾರದ ಮೇಲೂ ಲೆಕ್ಕ ಹಾಕಿದ ಒಂದು ಸಂಬಳದ ಚೀಟಿ ಹೊರಬರಬಹುದು. ಅದು ಹಳೆಯ ಟೈಮ್‌ಶೀಟಿಗೂ ಹೊಂದುವುದಿಲ್ಲ, ಹೊಸದಕ್ಕೂ ಹೊಂದುವುದಿಲ್ಲ. ಆ ಮೊತ್ತ ಎಲ್ಲಿಂದ ಬಂತೆಂದು ಆರು ತಿಂಗಳ ನಂತರ ಲೆಕ್ಕಪರಿಶೋಧಕರು ಕೇಳಿದರೆ ಯಾರಿಂದಲೂ ಹೇಳಲಾಗದು.

ಗುಂಡಿ ಮರೆಮಾಡಿಸಿದರೂ ತಿದ್ದುಪಡಿ ನಿಲ್ಲದಿರಲು ಕಾರಣ ಸರಳವಾಗಿದೆ. ಟೈಮ್‌ಶೀಟಿಗೆ ಒಳಬರುವ ಬಾಗಿಲು ಆ ಪರದೆಯೊಂದೇ ಅಲ್ಲ. ಮೇಲ್ವಿಚಾರಕರ ಮೊಬೈಲ್ ಆ್ಯಪ್, ಎಕ್ಸೆಲ್ ಕಡತದಿಂದ ಹಾಜರಿ ತುಂಬುವ ಸೌಲಭ್ಯ, ತಡವಾಗಿ ಮಾಹಿತಿ ಕಳುಹಿಸುವ ಬಯೋಮೆಟ್ರಿಕ್ ಯಂತ್ರ, ರಜೆಯ ಅರ್ಜಿ ಮಂಜೂರಾದೊಡನೆ ತಾನಾಗಿಯೇ ಟೈಮ್‌ಶೀಟ್ ಬದಲಿಸುವ ವ್ಯವಸ್ಥೆ, ಇವೆಲ್ಲವೂ ಅದೇ ಮಾಹಿತಿಯನ್ನು ಬೇರೆ ಬೇರೆ ದಾರಿಯಲ್ಲಿ ಮುಟ್ಟುತ್ತವೆ. ಆದ್ದರಿಂದ ಬೀಗ ಬೀಳಬೇಕಾದದ್ದು ಪರದೆಗಲ್ಲ, ಮಾಹಿತಿಗೆ. ಅಂದರೆ, ಈ ನೌಕರರ ಈ ದಿನಾಂಕದ ನಮೂದು ಲಾಕ್ ಆಗಿದೆಯೇ ಎಂಬ ಪರೀಕ್ಷೆ ಡೇಟಾಬೇಸಿನ ಮಟ್ಟದಲ್ಲಿ, ಉಳಿಸುವ ಕ್ರಿಯೆಯ ಭಾಗವಾಗಿಯೇ ನಡೆಯಬೇಕು. ಲಾಕ್ ಆಗಿದ್ದರೆ ಬದಲಾವಣೆ ಎಲ್ಲಿಂದ ಬಂದರೂ ತಿರಸ್ಕೃತವಾಗಬೇಕು.

"ಉಳಿಸುವ ಕ್ರಿಯೆಯ ಭಾಗವಾಗಿ" ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೇಲ್ವಿಚಾರಕರು 10:50ಕ್ಕೆ ಟೈಮ್‌ಶೀಟ್ ತೆರೆದಿದ್ದಾರೆ, ನೀವು 10:55ಕ್ಕೆ ಲಾಕ್ ಮಾಡಿದ್ದೀರಿ, ಅವರು ಚಹಾ ಮುಗಿಸಿ ಬಂದು 11:05ಕ್ಕೆ "ಉಳಿಸು" ಒತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪುಟ ತೆರೆಯುವಾಗ ಮಾತ್ರ ಲಾಕ್ ನೋಡುವ ತಂತ್ರಾಂಶದಲ್ಲಿ ಆ ತಿದ್ದುಪಡಿ ಸಲೀಸಾಗಿ ಒಳಹೋಗುತ್ತದೆ. ನಿಮ್ಮಲ್ಲಿ ನಡೆದದ್ದು ಇದೇ ಇರಬಹುದೆಂದು ನನ್ನ ಊಹೆ, ಏಕೆಂದರೆ ಗುಂಡಿ ಮರೆಯಾಗುವುದು ಹೊಸದಾಗಿ ಪುಟ ತೆರೆದವರಿಗೆ ಮಾತ್ರ. ಪ್ರತಿ ನಮೂದಿಗೂ ಒಂದು ಆವೃತ್ತಿ ಸಂಖ್ಯೆ ಇಟ್ಟು, ತಿದ್ದುವವರು ತೆರೆದಾಗ ಇದ್ದ ಸಂಖ್ಯೆಯೂ ಉಳಿಸುವಾಗ ಇರುವ ಸಂಖ್ಯೆಯೂ ಒಂದೇ ಆಗಿದ್ದರೆ ಮಾತ್ರ ಬದಲಾವಣೆಯನ್ನು ಒಪ್ಪುವ ಪದ್ಧತಿಯೂ ಇದೆ. ಲಾಕ್ ಮಾಡುವಾಗ ಈ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ, ಮೊದಲೇ ತೆರೆದಿಟ್ಟ ಪುಟಗಳೆಲ್ಲ ತಾವಾಗಿಯೇ ಹಳತಾಗುತ್ತವೆ.

ಕೆಲಸದ ಕ್ರಮವನ್ನೂ ನಿಮ್ಮ ತಂತ್ರಾಂಶದವರಲ್ಲಿ ವಿಚಾರಿಸಿ. ಮೊದಲು ಲಾಕ್, ಆಮೇಲೆ ಓದು. ಗಂಟೆಗಳನ್ನು ಓದಿಕೊಂಡ ನಂತರ ಲಾಕ್ ಹಾಕುವ ವ್ಯವಸ್ಥೆಯಲ್ಲಿ ಇವೆರಡರ ನಡುವೆ ಸಂದು ಉಳಿಯುತ್ತದೆ. ಆ ಸಂದು ಕೆಲವೇ ಕ್ಷಣಗಳದ್ದಾದರೂ ತಿಂಗಳ ಮೊದಲ ದಿನ ಎಲ್ಲರೂ ತರಾತುರಿಯಲ್ಲಿ ತಿದ್ದುತ್ತಿರುವಾಗ ಅಷ್ಟೇ ಸಾಕು. ಲಾಕ್ ಬಿದ್ದ ಮೇಲೆ ಅನುಮೋದಿತ ಗಂಟೆಗಳ ಒಂದು ಪ್ರತಿಯನ್ನು ತೆಗೆದುಕೊಂಡು, ಮುಂದಿನ ಎಲ್ಲ ಹಂತಗಳೂ ಆ ಪ್ರತಿಯಿಂದಲೇ ಲೆಕ್ಕ ಮಾಡುವಂತಿರಬೇಕು. ನನ್ನ ಅಭಿಪ್ರಾಯದಲ್ಲಿ ಈ ಪ್ರತಿ ಲಾಕ್‌ಗಿಂತಲೂ ಮುಖ್ಯವಾದದ್ದು: ಯಾವುದೋ ಕಾರಣಕ್ಕೆ ಲಾಕ್ ಸೋತರೂ, ಸಂಬಳವನ್ನು ಯಾವ ಗಂಟೆಗಳ ಮೇಲೆ ಕೊಟ್ಟೆವು ಎಂಬುದಕ್ಕೆ ಅದು ಸಾಕ್ಷಿಯಾಗಿ ಉಳಿಯುತ್ತದೆ.

ಇನ್ನು ಬೀಗದ ವ್ಯಾಪ್ತಿ. ಇಡೀ ಸಂಸ್ಥೆಯ ಹಾಜರಿಯನ್ನೇ ಮುಚ್ಚಿಬಿಟ್ಟರೆ ಹೊಸ ತಿಂಗಳ ಮೊದಲ ದಿನದ ಕೆಲಸವನ್ನು ಯಾರೂ ಬರೆಯಲಾಗದು. ಹಾಗೆ ಮಾಡಿದ ಕಡೆಗಳಲ್ಲಿ ಜನ ಚೀಟಿಗಳಲ್ಲಿ ಗಂಟೆ ಬರೆದಿಟ್ಟುಕೊಂಡು ಆಮೇಲೆ ನೆನಪಿನಿಂದ ತುಂಬುತ್ತಾರೆ, ಅದರಿಂದ ಹೊಸ ತಪ್ಪುಗಳು ಹುಟ್ಟುತ್ತವೆ. ಲಾಕ್ ನೌಕರ ಮತ್ತು ದಿನಾಂಕದ ಲೆಕ್ಕದಲ್ಲಿರಬೇಕು. ವಾರದ ಟೈಮ್‌ಶೀಟ್ ಇಟ್ಟು ತಿಂಗಳ ಸಂಬಳ ಕೊಡುವ ಕಡೆ ಒಂದು ವಾರ ಎರಡು ತಿಂಗಳುಗಳಿಗೆ ಹಂಚಿಹೋಗುವುದು ಸಾಮಾನ್ಯ. ಅಲ್ಲಿ ಇಡೀ ಹಾಳೆಯನ್ನು ಮುಚ್ಚದೆ ಹಳೆಯ ತಿಂಗಳಿಗೆ ಸೇರಿದ ಸಾಲುಗಳನ್ನಷ್ಟೇ ಮುಚ್ಚಬೇಕಾಗುತ್ತದೆ. ತಿಂಗಳ ಕೊನೆಯ ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುವ ಪಾಳಿಯವರ ಗಂಟೆಗಳು ಪಾಳಿ ಶುರುವಾದ ದಿನಕ್ಕೆ ಸೇರುತ್ತವೆಯೋ ಮಧ್ಯರಾತ್ರಿಗೆ ಎರಡಾಗಿ ಒಡೆಯುತ್ತವೆಯೋ ಎಂಬುದನ್ನು ಮುಂಚೆಯೇ ತೀರ್ಮಾನಿಸಿ ಬರೆದಿಡಬೇಕು. ಇಲ್ಲದಿದ್ದರೆ ಲಾಕ್ ಬೀಳುವ ಹೊತ್ತಿಗೆ ಆ ಪಾಳಿ ಅರ್ಧ ಒಳಗೆ, ಅರ್ಧ ಹೊರಗೆ ಉಳಿಯುತ್ತದೆ.

ಟೈಮ್‌ಶೀಟನ್ನು ಭದ್ರವಾಗಿ ಮುಚ್ಚಿ, ರಜೆಯ ಮಂಜೂರಾತಿಯನ್ನೂ ಗಂಟೆಯ ದರವನ್ನೂ ತೆರೆದೇ ಇಡುವುದು ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ಮರೆತಂತೆ. ಲೆಕ್ಕದ ಮೊತ್ತವನ್ನು ಬದಲಿಸಬಲ್ಲ ಎಲ್ಲವೂ ಅದೇ ಲಾಕ್‌ನೊಳಗೆ ಬರಬೇಕು. ಬಯೋಮೆಟ್ರಿಕ್ ಯಂತ್ರದಿಂದ ತಡವಾಗಿ ಬರುವ ನಮೂದುಗಳನ್ನು ಮಾತ್ರ ತಿರಸ್ಕರಿಸಿ ಕಳೆದುಕೊಳ್ಳಬೇಡಿ. ಅವು ಬೇರೆಯೇ ಒಂದು ಬಾಕಿ ಪಟ್ಟಿಯಲ್ಲಿ ಕುಳಿತು, ಮೇಲ್ವಿಚಾರಕರ ಗಮನಕ್ಕೆ ಬರುವಂತಿರಲಿ.

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ವೇತನಕ್ಕೆಂದು ಪ್ರತ್ಯೇಕ ತಂತ್ರಾಂಶವಿಲ್ಲ, ಎಲ್ಲರೂ ಹಂಚಿಕೊಂಡ ಒಂದು ಎಕ್ಸೆಲ್ ಕಡತದಲ್ಲಿ ಗಂಟೆ ತುಂಬುತ್ತಾರೆ. ಹಾಳೆಗೆ ಪಾಸ್‌ವರ್ಡ್ ಹಾಕಿದರೆ ಸಾಕೆ?

ಉತ್ತರ: ಸಾಲದು. ಹಾಳೆಗೆ ಹಾಕುವ ಪಾಸ್‌ವರ್ಡ್ ಕೈತಪ್ಪಿ ಆಗುವ ಬದಲಾವಣೆಯನ್ನು ತಡೆಯುತ್ತದೆಯೇ ಹೊರತು ಬೇಕೆಂದೇ ಬದಲಿಸುವವರನ್ನು ತಡೆಯಲಾರದು. ಕೊನೆಯ ದಿನ ಗೊತ್ತುಪಡಿಸಿದ ಹೊತ್ತಿಗೆ ಕಡತದ ಪ್ರತಿ ತೆಗೆದು, ವೇತನ ಮಾಡುವವರಿಗೆ ಮಾತ್ರ ಪ್ರವೇಶವಿರುವ ಜಾಗದಲ್ಲಿಟ್ಟು, ಆ ಪ್ರತಿಯಿಂದಲೇ ಲೆಕ್ಕ ಮಾಡಿ. ಅದರ ಜೊತೆಗೆ ಮೂರು ಅಂಕಿಗಳನ್ನು ಬರೆದಿಡಿ: ನೌಕರರ ಸಂಖ್ಯೆ, ಒಟ್ಟು ಸಾಮಾನ್ಯ ಗಂಟೆ, ಒಟ್ಟು ಓವರ್‌ಟೈಮ್ ಗಂಟೆ. ಬ್ಯಾಂಕಿಗೆ ಕಡತ ಕಳುಹಿಸುವ ಮುನ್ನ ಸಂಬಳದ ಪಟ್ಟಿಯ ಮೊತ್ತಗಳನ್ನು ಇವುಗಳೊಂದಿಗೆ ತಾಳೆ ನೋಡಿ. ಒಬ್ಬರಿಗೆ 8 ಗಂಟೆ ಕೂಡಿ ಇನ್ನೊಬ್ಬರಿಗೆ 8 ಗಂಟೆ ಕಳೆದಿದ್ದರೆ ಮೊತ್ತ ಬದಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಆಗಾಗ ನಾಲ್ಕಾರು ಜನರ ಸಾಲುಗಳನ್ನು ಒಂದೊಂದಾಗಿಯೂ ನೋಡುವುದು ಒಳ್ಳೆಯದು. ಸಾಧ್ಯವಿದ್ದರೆ ಗಂಟೆಗಳನ್ನು ಅನುಮೋದಿಸುವವರೂ ಸಂಬಳ ಲೆಕ್ಕ ಮಾಡುವವರೂ ಒಬ್ಬರೇ ಆಗಿರದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಮೇಲ್ವಿಚಾರಕ. ಲಾಕ್ ಬಿದ್ದ ಮೇಲೆ ನನ್ನ ತಂಡದ ಒಬ್ಬರ ಎರಡು ದಿನಗಳ ಕೆಲಸ ಬಿಟ್ಟುಹೋಗಿರುವುದು ತಿಳಿಯಿತು. ತಪ್ಪು ನನ್ನದು. ವೇತನ ವಿಭಾಗದವರು ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಇದು ನ್ಯಾಯವೇ?

ಉತ್ತರ: ಬ್ಯಾಂಕಿಗೆ ಕಡತ ಹೋಗಿದೆಯೇ ಎಂಬುದನ್ನು ಮೊದಲು ಕೇಳಿ. ಹೋಗಿಲ್ಲವಾದರೆ ಆ ಒಬ್ಬ ನೌಕರರ ಲಾಕ್ ಮಾತ್ರ ತೆಗೆದು, ತಿದ್ದಿ, ಮತ್ತೆ ಅನುಮೋದಿಸಿ, ಅವರೊಬ್ಬರ ಲೆಕ್ಕವನ್ನು ಮೊದಲಿನಿಂದ ಮಾಡಬಹುದು. ಲಾಕ್ ತೆಗೆಯುವ ಅಧಿಕಾರ ಬೆರಳೆಣಿಕೆಯ ಜನರಿಗಿರಲಿ. ಕೇಳುವವರೊಬ್ಬರು, ತೆಗೆಯುವವರು ಇನ್ನೊಬ್ಬರಾಗಿರಲಿ. ಯಾರು, ಯಾವಾಗ, ಯಾವ ಕಾರಣಕ್ಕೆ ತೆಗೆದರು, ಹಳೆಯ ಅಂಕಿ ಎಷ್ಟು, ಹೊಸ ಅಂಕಿ ಎಷ್ಟು ಎಂಬುದು ದಾಖಲಾಗಲಿ.

ಹಣ ಹೋಗಿಬಿಟ್ಟಿದ್ದರೆ ಹಳೆಯ ಟೈಮ್‌ಶೀಟನ್ನು ಮುಟ್ಟಬಾರದು. ಲೆಕ್ಕದ ಪುಸ್ತಕದಲ್ಲಿ ಬರೆದದ್ದನ್ನು ಅಳಿಸದೆ ಎದುರು ನಮೂದು ಹಾಕಿ ಸರಿಪಡಿಸುವ ಹಾಗೆ, ಬಿಟ್ಟುಹೋದ 16 ಗಂಟೆಗಳನ್ನು ಹಿಂದಿನ ಅವಧಿಯ ಬಾಕಿ ಎಂದು ಪ್ರತ್ಯೇಕವಾಗಿ ನಮೂದಿಸಬೇಕು. ಆದರೆ ಆ ಬಾಕಿ ಮುಂದಿನ ತಿಂಗಳವರೆಗೆ ಕಾಯಲೇಬೇಕೆಂದಿಲ್ಲ. ಪೂರಕ ಪಾವತಿಯಾಗಿ ಈ ವಾರವೇ ಕೊಡಬಹುದು. ಲಾಕ್ ಇರುವುದು ಲೆಕ್ಕವನ್ನು ಕಾಪಾಡುವುದಕ್ಕೆ, ದುಡಿದವರ ಹಣವನ್ನು ತಡೆಹಿಡಿಯುವುದಕ್ಕಲ್ಲ. ಎರಡು ದಿನದ ಸಂಬಳ ಕೆಲವರಿಗೆ ಸಣ್ಣದು, ಕೆಲವರಿಗೆ ಹಾಗಲ್ಲ. ಆ ನೌಕರರನ್ನೇ ಕೇಳಿ ತೀರ್ಮಾನಿಸಿ. ಪ್ರತಿ ತಿಂಗಳೂ ಇಂಥ ಐದಾರು ಬೇಡಿಕೆಗಳು ಬರುತ್ತಿದ್ದರೆ ನಿಮ್ಮಲ್ಲಿ ಅನುಮೋದನೆಗೆ ಕೊಟ್ಟಿರುವ ಕಾಲಾವಕಾಶವೇ ಕಡಿಮೆ ಎಂದರ್ಥ, ಆಗ ಗಡುವನ್ನು ಒಂದು ದಿನ ಮುಂದಕ್ಕೆ ಹಾಕುವ ಮಾತನ್ನು ವೇತನ ವಿಭಾಗದೊಂದಿಗೆ ಆಡುವುದು ಉತ್ತಮ.

ಪ್ರಶ್ನೆ: ಲೆಕ್ಕ ಅರ್ಧದಲ್ಲಿದ್ದಾಗ ಕಂಪ್ಯೂಟರ್ ನಿಂತುಹೋಯಿತು. ಟೈಮ್‌ಶೀಟ್‌ಗಳೆಲ್ಲ ಲಾಕ್ ಆಗಿಯೇ ಉಳಿದಿವೆ. ಇಷ್ಟು ಹೊತ್ತಾದ ಮೇಲೆ ಲಾಕ್ ತಾನಾಗಿಯೇ ಬಿಡುವಂತೆ ಮಾಡಬಹುದೆ?

ಉತ್ತರ: ಮಾಡಬೇಡಿ. ಅರ್ಧವಾದ ಲೆಕ್ಕದ ಕರಡು ಹಾಗೆಯೇ ಇದ್ದು ಲಾಕ್ ಮಾತ್ರ ಬಿಟ್ಟುಹೋದರೆ, ನೀವು ತಪ್ಪಿಸಲು ಹೊರಟ ಸ್ಥಿತಿಗೇ ಮರಳುತ್ತೀರಿ. ಮೊದಲು ಆ ಲೆಕ್ಕವನ್ನು ರದ್ದುಮಾಡಿ, ಅದರ ಕರಡು ಅಳಿದಿದೆಯೆಂದೂ ಬ್ಯಾಂಕಿಗೆ ಏನೂ ಹೋಗಿಲ್ಲವೆಂದೂ ಒಬ್ಬರು ಕಣ್ಣಾರೆ ನೋಡಿ ಖಚಿತಪಡಿಸಿಕೊಂಡ ಮೇಲೆ, ಅವರೇ ಕೈಯಾರೆ ಲಾಕ್ ತೆಗೆಯಲಿ. ತಿದ್ದುವುದು ಏನೂ ಇಲ್ಲವಾದರೆ ತೆಗೆಯುವ ಅಗತ್ಯವೂ ಇಲ್ಲ. ಲಾಕ್ ಇರುವಂತೆಯೇ ಲೆಕ್ಕವನ್ನು ಹೊಸದಾಗಿ ಆರಂಭಿಸಬಹುದು.