ಸೋಮವಾರ ಶುರು, ಗುರುವಾರ ಬಂದ್: ಟೈಮ್‌ಟೇಬಲ್ ಯಾಕೆ ಉಳಿಯುವುದಿಲ್ಲ?

ಪ್ರಶ್ನೆ: ನನಗೆ 31 ವರ್ಷ. ಕೆಲಸದ ಜೊತೆಗೆ ಒಂದು ಪರೀಕ್ಷೆಗೆ ಓದುತ್ತಿದ್ದೇನೆ. ಪ್ರತಿ ಸೋಮವಾರ ಹೊಸ ಟೈಮ್‌ಟೇಬಲ್ ಬರೆಯುತ್ತೇನೆ, ಗುರುವಾರದ ಹೊತ್ತಿಗೆ ಅದು ಕೆಟ್ಟಿರುತ್ತದೆ. ಪುಸ್ತಕ ತೆಗೆಯಬೇಕು ಅನ್ನುವಾಗಲೇ ಮೇಜು ಒರೆಸುತ್ತೇನೆ, ಮೊಬೈಲ್ ನೋಡುತ್ತೇನೆ, ನಾಳೆಯಿಂದ ಓದೋಣ ಅಂದುಕೊಂಡು ಮಲಗುತ್ತೇನೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದಂತೆ. ನನಗೆ ಒಂದು ವಾರವೂ ಆಗುತ್ತಿಲ್ಲ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಸೋಮಾರಿಯಾದವರು ಓದುವ ಹೊತ್ತಿನಲ್ಲಿ ಮೇಜು ಒರೆಸಲು ಏಳುವುದಿಲ್ಲ. ನಿಮಗೆ ಕೆಲಸ ಮಾಡುವ ಶಕ್ತಿ ಇದೆ. ಆ ಒಂದು ಕೆಲಸದ ಹತ್ತಿರ ಹೋದಾಗ ಮಾತ್ರ ಮನಸ್ಸು ಹಿಂದೆ ಸರಿಯುತ್ತದೆ. ಆ ಗಳಿಗೆಯಲ್ಲಿ ಏನನ್ನಿಸುತ್ತದೆ, ಗಮನಿಸಿದ್ದೀರಾ? ಅರ್ಥವಾಗದಿದ್ದರೆ ಎಂಬ ಭಯವೋ, ಬರೀ ಬೇಸರವೋ, ಹಿಂದೆ ಬಿದ್ದಿದ್ದೇನೆ ಎಂಬ ನಾಚಿಕೆಯೋ? ನೀವು ಮುಂದೂಡುತ್ತಿರುವುದು ಓದನ್ನು ಅನ್ನುವುದಕ್ಕಿಂತ ಈ ಕಸಿವಿಸಿಯನ್ನು. ಮೊಬೈಲ್ ಕೈಗೆ ಬಂದ ಕೂಡಲೇ ಹಾಯೆನಿಸುತ್ತದೆ. ಆ ಹಾಯನ್ನು ಮನಸ್ಸು ನೆನಪಿಟ್ಟುಕೊಳ್ಳುತ್ತದೆ, ಮರುದಿನವೂ ಅದೇ ದಾರಿ ಹಿಡಿಯುತ್ತದೆ. ಟೈಮ್‌ಟೇಬಲ್ ಎಷ್ಟು ಚೆನ್ನಾಗಿ ಬರೆದರೂ ಇದನ್ನು ಮುಟ್ಟುವುದಿಲ್ಲ.

ಹಾಗಾಗಿ ಮೊದಲು ಕಸಿವಿಸಿಯನ್ನು ಚಿಕ್ಕದು ಮಾಡಿ. ‘ಸಂಜೆ ಎರಡು ಗಂಟೆ ಓದು’ ಅಂತ ಬರೆಯಬೇಡಿ. ‘ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೇಜಿನ ಮುಂದೆ ಕೂತು, ನಿನ್ನೆ ಬಿಟ್ಟ ಪುಟ ತೆರೆದು ಹತ್ತು ನಿಮಿಷ ಓದುತ್ತೇನೆ’ ಅಂತ ಬರೆಯಿರಿ. ಯಾವಾಗ, ಎಲ್ಲಿ, ಏನು ಎಂಬ ಮೂರೂ ಅದರಲ್ಲಿ ಇರಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಈ ಬಗೆಯ ಯೋಜನೆಯನ್ನು ಬಹಳ ಕಾಲ ಅಧ್ಯಯನ ಮಾಡಿದವರು. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ 94 ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ನಿಖರವಾಗಿ ಗೊತ್ತುಮಾಡಿಕೊಂಡವರೇ ಗುರಿ ಮುಟ್ಟುವುದು ಜಾಸ್ತಿ ಎಂದು ಕಂಡುಬಂತು. ಮಾಡಲೋ ಬೇಡವೋ ಎಂಬ ಚರ್ಚೆ ಆ ಹೊತ್ತಿಗೆ ಉಳಿದಿರುವುದಿಲ್ಲ, ಅಷ್ಟೇ.

ಹತ್ತು ನಿಮಿಷದಲ್ಲಿ ಏನಾಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಸಿಲಬಸ್ ಮುಗಿಯುವುದಿಲ್ಲ, ನಿಜ. ಆದರೆ ನಿಮಗೆ ಕಷ್ಟವಾಗುತ್ತಿರುವುದು ಶುರು ಮಾಡುವುದು. ಕೂತ ಮೇಲೆ ಎಷ್ಟೋ ದಿನ ಅರ್ಧ ಗಂಟೆ ತಾನಾಗಿ ಹೋಗುತ್ತದೆ. ಹೋಗದ ದಿನ ಹತ್ತೇ ನಿಮಿಷಕ್ಕೆ ಎದ್ದುಬಿಡಿ, ಲೆಕ್ಕಕ್ಕೆ ಅದೂ ಸೇರುತ್ತದೆ. ಏಳುವ ಮೊದಲು ನಾಳೆ ಎಲ್ಲಿಂದ ಶುರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು.

ಇನ್ನು ಆ 21 ದಿನ. 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್, ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ ಅಷ್ಟು ದಿನ ಬೇಕು ಎಂದು ಬರೆದಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಗಳಿಗೂ ನಿಯಮವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ನೋಡಿದರು. ಒಂದು ಕೆಲಸ ರೂಢಿಯಾಗಲು ಸರಾಸರಿ 66 ದಿನ ಬೇಕಾಗುತ್ತಿತ್ತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಸಿಕ್ಕಿತು. ನಿಮಗೆ ಮುಖ್ಯವಾದದ್ದು ಅವರು ಕಂಡ ಇನ್ನೊಂದು ವಿಷಯ: ನಡುವೆ ಒಂದು ದಿನ ತಪ್ಪಿದರೆ ಅಂಥ ವ್ಯತ್ಯಾಸವೇನೂ ಆಗಲಿಲ್ಲ. ಗುರುವಾರ ತಪ್ಪಿದರೆ ಶುಕ್ರವಾರ ಮುಂದುವರಿಸಿ. ಮುಂದಿನ ಸೋಮವಾರಕ್ಕೆ ಕಾಯಬೇಡಿ, ಹೊಸ ಟೈಮ್‌ಟೇಬಲ್ ಬೇಡವೇ ಬೇಡ.

ತಪ್ಪಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಲೂ ಬೇಡಿ. ಇದು ಸುಮ್ನೆ ಸಮಾಧಾನದ ಮಾತಲ್ಲ. 2010ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಪುಸ್ತಕ ನೋಡಿದರೆ ಕಸಿವಿಸಿ ಜಾಸ್ತಿಯಾಗುತ್ತದೆ ಅಲ್ವಾ? ಮನೆಯವರಿಗೂ ಇದನ್ನು ಓದಲು ಕೊಡಿ.

ಒಂದು ಎಚ್ಚರಿಕೆ. ಇಷ್ಟವಾದ ಕೆಲಸಗಳೂ ವಾರಗಟ್ಟಲೆ ಬೇಡವೆನಿಸುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಅಥವಾ ಚಿಕ್ಕಂದಿನಿಂದಲೂ ಯಾವುದರಲ್ಲೂ ಗಮನ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಖಿನ್ನತೆ, ಗಮನದ ತೊಂದರೆಗಳಿಗೆ ಚಿಕಿತ್ಸೆ ಇದೆ.

ಪ್ರಶ್ನೆ: ಕೊನೆ ಗಳಿಗೆಯ ಒತ್ತಡವಿದ್ದರೇ ನನ್ನ ಕೆಲಸ ಚೆನ್ನಾಗಿ ಆಗುತ್ತದೆ. ಬದಲಾಗಲೇಬೇಕಾ?

ಉತ್ತರ: ಒತ್ತಡದಲ್ಲಿ ಕೆಲಸ ಬೇಗ ಆಗುತ್ತದೆ, ಅದನ್ನೇ ಚೆನ್ನಾಗಿ ಆಯಿತು ಅಂದುಕೊಳ್ಳುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೂಡುವ ವಿದ್ಯಾರ್ಥಿಗಳು ಸೆಮಿಸ್ಟರ್ ಶುರುವಿನಲ್ಲಿ ಉಳಿದವರಿಗಿಂತ ನಿರಾಳವಾಗಿದ್ದರು. ಕೊನೆಯಲ್ಲಿ ಅವರಿಗೇ ಒತ್ತಡ, ಕಾಯಿಲೆ ಜಾಸ್ತಿ. ಅಂಕವೂ ಕಡಿಮೆ. ನೀವೇ ಪರೀಕ್ಷಿಸಿ ನೋಡಿ. ಮುಂದಿನ ಒಂದು ಕೆಲಸವನ್ನು ಎರಡು ದಿನ ಮೊದಲೇ ಒರಟಾಗಿ ಮುಗಿಸಿಡಿ, ಉಳಿದ ದಿನಗಳಲ್ಲಿ ತಿದ್ದಿ. ಆಮೇಲೆ ಅದನ್ನು ನಿಮ್ಮ ಹಳೆಯ ಕೆಲಸದ ಪಕ್ಕದಲ್ಲಿಟ್ಟು ಓದಿ.