ಪೊಟ್ಟಣದ ಮೇಲೆ ‘ಟ್ರಾನ್ಸ್ ಫ್ಯಾಟ್ 0 ಗ್ರಾಂ’ ಎಂದಿದ್ದರೆ ಅದು ನಿಜಕ್ಕೂ ಸೊನ್ನೆಯೇ?

ಹಾಗೆಂದು ಖಚಿತವಾಗಿ ಹೇಳಲಾಗದು. ಅಮೆರಿಕದ ಲೇಬಲ್ ನಿಯಮವನ್ನೇ ನೋಡಿ: ಒಂದು ಸಲಕ್ಕೆ ತಿನ್ನುವ ಪ್ರಮಾಣದಲ್ಲಿ 0.5 ಗ್ರಾಂಗಿಂತ ಕಡಿಮೆ ಟ್ರಾನ್ಸ್ ಫ್ಯಾಟ್, ಅಂದರೆ ಕೊಲೆಸ್ಟರಾಲನ್ನು ಏರುಪೇರು ಮಾಡುವ ಟ್ರಾನ್ಸ್ ಕೊಬ್ಬು ಇದ್ದರೆ ಅದನ್ನು ಸೊನ್ನೆ ಎಂದೇ ನಮೂದಿಸಬಹುದು. ‘ಒಂದು ಸಲ’ ಎಂದರೆ ಮೂರು ಬಿಸ್ಕತ್ತು ಎಂದು ಪೊಟ್ಟಣದ ಮೇಲಿದ್ದು, ಪ್ರತಿ ಮೂರರಲ್ಲಿ 0.4 ಗ್ರಾಂ ಇದ್ದರೆ, ಹದಿನೈದು ಬಿಸ್ಕತ್ತು ತಿಂದವರ ಹೊಟ್ಟೆಗೆ 2 ಗ್ರಾಂ ಸೇರಿರುತ್ತದೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 2.2 ಗ್ರಾಂ, ಅಂದರೆ ಒಟ್ಟು ಶಕ್ತಿಯ ಶೇ 1ಕ್ಕಿಂತ ಕಡಿಮೆ.

ಆದ್ದರಿಂದ ದೊಡ್ಡ ಅಕ್ಷರದ ಸೊನ್ನೆಗಿಂತ ಸಣ್ಣ ಅಕ್ಷರದ ಪದಾರ್ಥಗಳ ಪಟ್ಟಿಯನ್ನು ನಂಬುವುದು ಮೇಲು. ಅಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ’ ಎಣ್ಣೆಯ ಹೆಸರಿದ್ದರೆ ಟ್ರಾನ್ಸ್ ಕೊಬ್ಬು ಇದೆಯೆಂದೇ ತಿಳಿಯಬೇಕು. ದ್ರವರೂಪದ ಎಣ್ಣೆಗೆ ನಿಕ್ಕಲ್ ವೇಗವರ್ಧಕದ ನೆರವಿನಿಂದ ಜಲಜನಕವನ್ನು (ಹೈಡ್ರೋಜನ್) ಸೇರಿಸಿ, ಪ್ರಕ್ರಿಯೆಯನ್ನು ಅರ್ಧದಲ್ಲೇ ನಿಲ್ಲಿಸಿದಾಗ, ಉಳಿದ ದ್ವಿಬಂಧಗಳಲ್ಲಿ (ಇಂಗಾಲದ ಪರಮಾಣುಗಳ ನಡುವಿನ ಜೋಡಿ ಬಂಧಗಳಲ್ಲಿ) ಕೆಲವು ಬಾಗಿದ ‘ಸಿಸ್’ ರೂಪದಿಂದ ನೇರವಾದ ‘ಟ್ರಾನ್ಸ್’ ರೂಪಕ್ಕೆ ತಿರುಗಿರುತ್ತವೆ. ವಿಚಿತ್ರವೆಂದರೆ, ಪೂರ್ತಿ ಹೈಡ್ರೋಜನೀಕರಿಸಿದ ಎಣ್ಣೆಯಲ್ಲಿ ಅವು ಬಹುತೇಕ ಇರುವುದೇ ಇಲ್ಲ.

ಈ ಕೊಬ್ಬು ಕೆಟ್ಟ ಕೊಲೆಸ್ಟರಾಲ್ ಎನ್ನಲಾಗುವ ಎಲ್‌ಡಿಎಲ್ ಅನ್ನು ಹೆಚ್ಚಿಸುವುದರ ಜೊತೆಗೆ ಒಳ್ಳೆಯದೆನ್ನಲಾಗುವ ಎಚ್‌ಡಿಎಲ್ ಅನ್ನು ತಗ್ಗಿಸುತ್ತದೆ. ಹಾಲು, ಮಾಂಸಗಳಲ್ಲಿ ಇದು ಸಹಜವಾಗಿಯೇ ಅಲ್ಪ ಪ್ರಮಾಣದಲ್ಲಿರುತ್ತದೆ.

ಜನರ ಅರಿವೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಡೆನ್ಮಾರ್ಕ್ 2003ರಲ್ಲೇ ಕೈಗಾರಿಕಾ ಟ್ರಾನ್ಸ್ ಕೊಬ್ಬನ್ನು ಆಹಾರದ ಒಟ್ಟು ಕೊಬ್ಬಿನ ಶೇ 2ಕ್ಕೆ ಕಾನೂನಿನ ಮೂಲಕ ಮಿತಿಗೊಳಿಸಿತು. ಅಲ್ಲಿ ಗ್ರಾಹಕರು ಭೂತಗನ್ನಡಿ ಹಿಡಿದು ಲೇಬಲ್ ಓದಬೇಕಾದ ಪ್ರಮೇಯ ಬರಲಿಲ್ಲ.