ಮೊದಲು ಉಸಿರು, ಆಮೇಲೆ ಆಡಿಯೋ
ಉಸಿರಿನ ಜೊತೆ ಜಪಿಸುವ 'ಸೋಹಂ' ಮಂತ್ರದ ಆಡಿಯೋ ಹಾಕಿ ಉಸಿರಾಡಿದರೆ ತಲೆ ಸುತ್ತುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಆಡಿಯೋ ನಿಲ್ಲಿಸಿ ಸರ್. ಅದರ ವೇಗಕ್ಕೆ ಉಸಿರನ್ನು ಓಡಿಸಿದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ಮೆದುಳಿಗೆ ರಕ್ತ ಕಡಿಮೆಯಾಗುತ್ತದೆ, ತಲೆಸುತ್ತು, ಬೆರಳ ತುದಿಯಲ್ಲಿ ಜುಮುಜುಮು ಎಲ್ಲ ಕಾರ್ಬನ್ ಡೈಆಕ್ಸೈಡ್ ಹೀಗೆ ಕಡಿಮೆಯಾಗುವುದರಿಂದಲೇ. ನನಗೂ ದಾವಣಗೆರೆಯ ಕುಂದುವಾಡ ಕೆರೆ ಹತ್ತಿರ ಕೂತಾಗ ಹೀಗೇ ಆಗಿತ್ತು, ಎರಡೂ ಕೈಯಲ್ಲಿ ಬೆಂಚು ಹಿಡ್ಕೊಂಡು ಕೂತಿದ್ದೆ. ಈಗ ಮನಸ್ಸಲ್ಲೇ 'ಸೋ' ಅಂತ 4 ಸೆಕೆಂಡ್ ಉಸಿರು ಒಳಗೆ ತಗೊಳ್ಳಿ, 'ಹಂ' ಅಂತ 6 ಸೆಕೆಂಡ್ ಹೊರಗೆ ಬಿಡಿ, ಅಂದರೆ ನಿಮಿಷಕ್ಕೆ 6 ಉಸಿರು. 2001ರಲ್ಲಿ ಪ್ರಕಟವಾದ ಇಟಲಿಯ ಸಂಶೋಧನೆಯಲ್ಲಿ ಮಂತ್ರ ಜಪಿಸುವವರ ಉಸಿರೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಇದು ರೂಢಿಯಾದ ಮೇಲೆ ನಿಧಾನದ ಆಡಿಯೋ ಹಾಕಿ, ಸೌಂಡ್ ಸಣ್ಣಗಿರಲಿ. ಬಿಪಿ, ಫಿಟ್ಸ್ ಇದ್ದರೆ ಡಾಕ್ಟರನ್ನು ಕೇಳದೆ ವೇಗದ ಉಸಿರಾಟ ಬೇಡವೇ ಬೇಡ.